ಹಳೆಯದನ್ನು ಕೊಳ್ಳೋಣವೆ, ಹೊಸದನ್ನೆ?

(ಹೋಬಳಿಯ ದುಡಿಯುವ ಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಸಲ ಸಭೆ ಮುಗಿದು ನಾವು ಜಮಖಾನೆ ಸುತ್ತುತ್ತಿದ್ದಾಗ, ಹೊಲಿಗೆ ಕೆಲಸ ಮಾಡುವ ಅಕ್ಕನೊಬ್ಬರು ಹತ್ತಿರ ಬಂದು ನಿಂತರು. "ಮೇಷ್ಟ್ರೇ, ಪೇಟೇಲಿ ಒಂದು ಹಳೇ ಕಾಲ್ ಮಿಷನ್ನು ಐತೆ, ನಾಲ್ಕು ಸಾವಿರ ಅಂತಾರೆ. ಅಂಗಡಿಯೋನು, ಹಳೇದ್ಯಾಕಮ್ಮ, ಹೊಸದು ತಗೊಂಡು ಕಂತಲ್ಲಿ ಕಟ್ಟು ಅಂತಾನೆ. ಯಾವುದು ತಗೊಳ್ಳಲಿ?" ಎಂದು ಕೇಳಿದರು. ಆ ದಿನ ನಾವು ಬೆಲೆಯೇರಿಕೆಯ ಮೇಲೆ ಮುಕ್ಕಾಲು ಗಂಟೆ ಮಾತನಾಡಿದ್ದೆವು. ಆದರೆ ಈ ಪ್ರಶ್ನೆಗೆ ಒಡನೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆದುದರಿಂದ ಇವತ್ತು ಅದೊಂದನ್ನೇ ಹಿಡಿದು ಮಾತನಾಡಬೇಕೆಂದು ಬಂದಿದ್ದೇವೆ.

ಹಳೆಯ ಸಾಮಾನೆಂದರೆ ಮೂಗು ಮುರಿಯುವುದು ಈಚಿನ ರೋಗ. ನಮ್ಮ ಹಿರಿಯರು ಬದುಕಿನಲ್ಲಿ ಅತಿ ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಿದ್ದುದು ಯಾವುದನ್ನು? ಎತ್ತನ್ನು. ಎತ್ತು ಯಾವಾಗಲೂ ಸೆಕೆಂಡ್ ಹ್ಯಾಂಡೇ! ಇನ್ನೊಬ್ಬನ ಕೊಟ್ಟಿಗೆಯಲ್ಲಿ ಬೆಳೆದು, ಇನ್ನೊಬ್ಬನ ನೊಗಕ್ಕೆ ಪಳಗಿ ಬಂದದ್ದು. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಹೋದ ರೈತ, ಮಾರುವವನ ಮಾತು ನಂಬಿ ಎತ್ತು ಹಿಡಿದು ತರುತ್ತಿದ್ದನೆ? ಇಲ್ಲ. ಬಾಯಿ ಬಿಡಿಸಿ ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದೆಯೋ ನೋಡುತ್ತಿದ್ದ. ಸುಳಿ ನೋಡುತ್ತಿದ್ದ. ನಾಲ್ಕು ಹೆಜ್ಜೆ ನಡೆಸಿ ಕಾಲೆಳೆಯುತ್ತದೆಯೋ ನೋಡುತ್ತಿದ್ದ. ಆಮೇಲಷ್ಟೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಅಂಥವರ ಮೊಮ್ಮಕ್ಕಳಾದ ನಾವೆಲ್ಲ ಇಂದು ಒಂದು ಮೋಟಾರ್ ಸೈಕಲ್ಲನ್ನು ಬಣ್ಣ ನೋಡಿ ಕೊಂಡು ಬರುತ್ತೇವೆ.

ಬೇರೆಯವರನ್ನು ಹೇಳುವುದೇಕೆ, ನಮ್ಮದನ್ನೇ ಹೇಳುತ್ತೇವೆ. ಮೇಷ್ಟರಾಗಿದ್ದ ದಿನಗಳಲ್ಲಿ ಆರು ಮೈಲಿ ಸೈಕಲ್ ತುಳಿದು ಸಾಕಾಗಿ, 22 ಸಾವಿರ ಕೂಡಿಸಿ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡೆವು. ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರಿದವನು ನಗುಮುಖದ ಮನುಷ್ಯ, ಟೀ ಕುಡಿಸಿದ. ಆರ್.ಸಿ. ಕಾಗದವನ್ನು ಕೈಗಿತ್ತ, ನಾವು ಜೇಬಿಗಿಟ್ಟೆವು. ಮೂರನೆಯ ತಿಂಗಳು ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿರುವಾಗ, ಸಾಲ ಕೊಟ್ಟ ಕಂಪನಿಯ ಇಬ್ಬರು ಶಾಲೆಯ ಅಂಗಳಕ್ಕೇ ಬಂದರು. ಹಿಂದಿನ ಮಾಲೀಕ ಕಂತು ಕಟ್ಟಿರಲಿಲ್ಲ. ಕಾಗದದ ಕೆಳಭಾಗದಲ್ಲಿ ಆ ಕಂಪನಿಯ ಹೆಸರು ಅಚ್ಚಾಗಿಯೇ ಇತ್ತು. ಊರ ಮಕ್ಕಳಿಗೆ ಓದು ಕಲಿಸುವ ನಾವು ಅದನ್ನು ಓದಿರಲಿಲ್ಲ. ಎಪ್ಪತ್ತು ಮಕ್ಕಳ ಎದುರಿಗೆ ಗಾಡಿಯನ್ನು ತಳ್ಳಿಕೊಂಡು ಹೋದರು. ಎರಡನೆಯ ತರಗತಿಯ ಹುಡುಗನೊಬ್ಬ, "ಸಾ, ಕಳ್ಳರಾ?" ಎಂದು ಕೇಳಿದ. ಯಾರನ್ನು ಕುರಿತು ಕೇಳಿದನೋ ಇವತ್ತಿಗೂ ನಮಗೆ ತಿಳಿಯದು.

ಆ 22 ಸಾವಿರ ನಮಗೆ ಒಂದು ಪಾಠ ಕಲಿಸಿತು. ಹಳೆಯ ಗಾಡಿ ಕೊಳ್ಳುವವನು ಇಂಜಿನ್ನಿಗಿಂತ ಮೊದಲು ಕಾಗದ ನೋಡತಕ್ಕದ್ದು. ಆರ್.ಸಿ.ಯಲ್ಲಿ ಸಾಲದ ಕಂಪನಿಯ ಹೆಸರಿದ್ದರೆ, ಸಾಲ ತೀರಿದೆಯೆಂಬ ಪತ್ರವೂ 35ನೆಯ ನಮೂನೆಯೂ ಬಾರದೆ ಒಂದು ರೂಪಾಯಿ ಕೊಡಬಾರದು. ಮಾಲೀಕತ್ವ ಬದಲಾಯಿಸಲು 29 ಮತ್ತು 30ನೆಯ ನಮೂನೆಗಳಿವೆ. ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನಗಳಲ್ಲಿ ತಿಳಿಸಬೇಕು. ವಿಮೆಯ ಹೆಸರು ಬದಲಿಸಲು ಕೊಂಡವನು 14 ದಿನಗಳಲ್ಲಿ ಅರ್ಜಿ ಹಾಕಬೇಕು. "ಹೆಸರು ನಿಧಾನವಾಗಿ ಮಾಡಿಸ್ಕೊಳ್ಳಿ ಬಿಡಿ" ಎನ್ನುವ ಮಾತು ಎಷ್ಟು ಸಿಹಿಯೋ ಅಷ್ಟೇ ಅಪಾಯಕರ.

ಕೊಂಡವನಿಗೆ ಮಾತ್ರ ಅಪಾಯವೆಂದು ತಿಳಿಯಬೇಡಿ. ನಮ್ಮಲ್ಲಿ ಕಷ್ಟ ಬಂದಾಗ ಗಾಡಿ ಮಾರುವವರೇ ಹೆಚ್ಚು. ಮಗಳ ಮದುವೆಗೋ ಆಸ್ಪತ್ರೆಗೋ ಮಾರಿ, ದುಡ್ಡು ಎಣಿಸಿಕೊಂಡು ಮನೆಗೆ ಬಂದರೆ ಮುಗಿಯಿತೆಂದು ಭಾವಿಸುತ್ತೇವೆ. ಮುಗಿಯುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ವಾಹನವೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಲವು ಸಲ ಮಾರಾಟವಾಗಿತ್ತು, ಹೆಸರು ಮಾತ್ರ ಮೊದಲಿನವನದೇ ಉಳಿದಿತ್ತು, ಅಪಘಾತವಾಯಿತು. ಪರಿಹಾರ ಕೊಡಬೇಕಾದವನು ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಎಂದು ಕೋರ್ಟು ಹೇಳಿತು. ಅಪಘಾತಕ್ಕೊಳಗಾದವರು ಯಾರು ಯಾರಿಗೆ ಮಾರಿದರೆಂದು ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ಅದರ ಅರ್ಥ, ನ್ಯಾಯವಾದ ಮಾತೇ. ಆದರೆ ಹಣ್ಣು ತಿಂದವನು ನುಣುಚಿಕೊಂಡು ಸಿಪ್ಪೆ ತಿಂದವನು ಸಿಕ್ಕಿಬೀಳುವ ಈ ಕಥೆಯಲ್ಲಿ ಸಿಪ್ಪೆ ತಿನ್ನುವವನು ನಮ್ಮವನೇ ಆಗಬಾರದಷ್ಟೆ.

ಇಷ್ಟೆಲ್ಲ ಕೇಳಿ, ಹಾಗಾದರೆ ಹೊಸದೇ ವಾಸಿ ಎನ್ನುತ್ತೀರಿ. ತಡೆಯಿರಿ. ಹೊಸದು ನಮ್ಮಂಥವರ ಮನೆಗೆ ನಗದಿನಲ್ಲಿ ಬರುವುದಿಲ್ಲ, ಸಾಲದ ಬೆನ್ನೇರಿ ಬರುತ್ತದೆ. ಅದರ ಲೆಕ್ಕ ನೋಡಿ. 60,000 ರೂಪಾಯಿ ಸಾಲ, ನೂರಕ್ಕೆ 12ರಂತೆ ಬಡ್ಡಿ, ಮೂರು ವರ್ಷ. ವರ್ಷಕ್ಕೆ 7,200ರಂತೆ ಬಡ್ಡಿಯೇ 21,600. ಒಟ್ಟು 81,600ನ್ನು 36 ಕಂತು ಮಾಡಿ, ತಿಂಗಳಿಗೆ 2,267 ಕಟ್ಟು ಎನ್ನುತ್ತಾರೆ. ಇದರಲ್ಲಿನ ಕೈಚಳಕ ಎಲ್ಲಿದೆ ಗೊತ್ತೆ? ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತ ಬರುತ್ತೀರಿ. ಆದರೆ ಬಡ್ಡಿಯನ್ನು ಕೊನೆಯ ದಿನದವರೆಗೂ ಪೂರಾ 60,000ದ ಮೇಲೆಯೇ ಹಾಕಿರುತ್ತಾರೆ. ಉಳಿದ ಅಸಲಿಗಷ್ಟೆ ಬಡ್ಡಿ ಎಂದು ಲೆಕ್ಕ ಹಾಕಿದರೆ ಈ ಹನ್ನೆರಡು ಇಪ್ಪತ್ತೊಂದನ್ನು ದಾಟುತ್ತದೆ. ಆದುದರಿಂದ ಕಂತು ಕೊಡುವವನನ್ನು "ತಿಂಗಳಿಗೆಷ್ಟು?" ಎಂದು ಕೇಳಬೇಡಿ, "ಒಟ್ಟು ಎಷ್ಟಾಗುತ್ತದೆ? ಇದು ಫ್ಲಾಟ್ ಬಡ್ಡಿಯೋ, ಉಳಿದ ಸಾಲಕ್ಕೆ ಬಡ್ಡಿಯೋ?" ಎಂದು ಕೇಳಿ.

ಹೊಸ ಸಾಮಾನಿಗೆ ಇನ್ನೊಂದು ಗುಣವಿದೆ. ಅಂಗಡಿಯ ಮೆಟ್ಟಿಲು ಇಳಿದ ಮರುಗಳಿಗೆಯೇ ಅದು ಹಳೆಯದು. ಬೆಲೆಯ ಮೊದಲ ದೊಡ್ಡ ಕುಸಿತವನ್ನು ಮೊದಲು ಕೊಂಡವನೇ ಹೊರುತ್ತಾನೆ. ಎರಡನೆಯವನಿಗೆ ಸಿಗುವುದು ಅದೇ ಕಬ್ಬಿಣ, ಅದೇ ಚಕ್ರ. ಜತೆಗೆ ಹಳೆಯದನ್ನು ಕೊಂಡಾಗ ದುಡ್ಡಿನ ಒಂದು ಪಾಲು ನಮ್ಮೂರಿನಲ್ಲೇ ಉಳಿಯುತ್ತದೆ; ಸೈಕಲ್ ಶಾಪಿನ ಹುಡುಗನಿಗೆ, ವೆಲ್ಡಿಂಗಿನವನಿಗೆ, ಮೋಟಾರು ಸುತ್ತುವವನಿಗೆ ಕೆಲಸ. ಇದು ಸಣ್ಣ ಮಾತಲ್ಲ.

ಹಾಗೆಂದು ಎಲ್ಲ ಹಳೆಯದೂ ಒಂದೇ ಅಲ್ಲ. ಹಳೆಯ ಫ್ರಿಜ್ಜನ್ನು ನೋಡಿ. ಪೇಟೆಯ ಮನೆಯವರು ಹೊಸದು ತಂದು ಹಳೆಯದನ್ನು ಮೂರು ಸಾವಿರಕ್ಕೆ ಕೊಡುತ್ತಾರೆ, ನಮಗೆ ಲಾಟರಿ ಹೊಡೆದಂತೆ. ಆದರೆ ಅದರ ಬಾಗಿಲಿನ ರಬ್ಬರು ಹೋಗಿರುತ್ತದೆ, ಹಗಲು ರಾತ್ರಿ ಕಂಪ್ರೆಸರ್ ಓಡುತ್ತದೆ. 2023ರಿಂದ ಗೃಹಜ್ಯೋತಿಯಲ್ಲಿ ನಮ್ಮ ಮನೆಗಳಿಗೆ ಉಚಿತ ವಿದ್ಯುತ್ ಬರುತ್ತಿರುವುದೇನೋ ನಿಜ. ಆದರೆ ಅದು ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಗದಿಯಾದ ಯೂನಿಟ್ಟು. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು. ಮೂರು ಸಾವಿರದ ಫ್ರಿಜ್ಜು ಪ್ರತಿ ತಿಂಗಳೂ ಕೈ ಒಡ್ಡುತ್ತದೆ.

ಪಂಪ್‌ಸೆಟ್ಟಿನ ಮೋಟಾರಿನದೂ ಇದೇ ಕಥೆ. ಒಂದು ಸಲ ಸುಟ್ಟು ಸರಿಯಾಗಿ ಸುತ್ತಿಸಿದ ಮೋಟಾರು ಕೆಲಸ ಮಾಡೀತು. ಆದರೆ ಹಳೆಯ ತಂತಿ ತೆಗೆಯಲು ಒಳಗೆ ಬೆಂಕಿ ಹಾಕಿ ಕಾಯಿಸಿ, ಸಿಕ್ಕಿದ ತಂತಿ ಸುತ್ತಿ, ಮೂರು ಸಲ ಸುಟ್ಟದ್ದು ಕರೆಂಟು ಹೆಚ್ಚು ಎಳೆದು ನೀರು ಕಡಮೆ ಕೊಡುತ್ತದೆ. 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲವಾದ್ದರಿಂದ ಇದು ರೈತನ ಕಣ್ಣಿಗೆ ಬೀಳುವುದಿಲ್ಲ. ಬಿಲ್ಲು ಸರ್ಕಾರದ ಬೊಕ್ಕಸದಿಂದ ಹೋಗುತ್ತದೆ, ಬೊಕ್ಕಸ ತುಂಬುವವರು ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಾವೇ.

ಕೆಲವನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರಬಾರದು. ಹೆಲ್ಮೆಟ್ಟು ಒಂದು. ಒಮ್ಮೆ ಜೋರಾಗಿ ಪೆಟ್ಟು ತಿಂದರೆ ಒಳಗಿನ ಥರ್ಮಾಕೋಲಿನಂಥ ಪದರ ಕುಗ್ಗಿಬಿಡುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಸಹ ಕಾಣದಿರಬಹುದು. ಗ್ಯಾಸ್ ಒಲೆಯ ರಬ್ಬರು ಕೊಳವೆ ಇನ್ನೊಂದು. ಹಳೆಯ ಒಲೆ ತನ್ನಿ, ಕೊಳವೆ ಹೊಸದು ಹಾಕಿಸಿ. ಟಯರು ಮೂರನೆಯದು. ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ರಬ್ಬರು ಮುದಿಯಾಗುತ್ತದೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೆಯ ವಾರದಲ್ಲಿ ಹುಟ್ಟಿದ್ದು. ಎತ್ತಿನ ಹಲ್ಲು ನೋಡಿದಂತೆಯೇ ಇದು.

ಹಳೆಯ ಮೊಬೈಲಿನ ವಿಷಯದಲ್ಲಿ ನಮ್ಮ ಹುಡುಗರು ಎಚ್ಚರ ತಪ್ಪುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ "ಅರ್ಜೆಂಟು, ಎರಡು ಸಾವಿರ ಕೊಡು" ಎಂದರೆ ಅದು ಎಲ್ಲಿಂದ ಬಂದದ್ದೆಂದು ಕೇಳುವುದಿಲ್ಲ. ಕದ್ದದ್ದೆಂದು ತಿಳಿದೂ, ತಿಳಿಯಬೇಕಾದ ಕಾರಣವಿದ್ದೂ ಕೊಂಡರೆ ಅದೇ ಅಪರಾಧ. ಫೋನಿನಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ 15 ಅಂಕಿಯ ಸಂಖ್ಯೆ ಬರುತ್ತದೆ. 2023ರ ಮೇ ತಿಂಗಳಿನಲ್ಲಿ ಆರಂಭವಾದ ಸಂಚಾರ ಸಾಥಿ ಎಂಬ ಸರ್ಕಾರಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ, ಫೋನನ್ನು ತಡೆಹಿಡಿಯಲಾಗಿದೆಯೇ ಎಂದು ನೋಡಿ ಆಮೇಲೆ ದುಡ್ಡು ಕೊಡಿ. ಬಿಲ್ಲು ಇಲ್ಲವೆಂದರೆ ಮಾರಿದವನಿಂದ ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ.

ಪುಸ್ತಕದ ಮಾತು ಆಡದೆ ಹೋದರೆ ಮೇಷ್ಟರ ಜನ್ಮ ಸಾರ್ಥಕವಾಗದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಎಷ್ಟೋ ಬಡ ಹುಡುಗರನ್ನು ಓದಿಸಿವೆ. ನಿಘಂಟು, ವ್ಯಾಕರಣ, ಗಣಿತ, ಕಥೆ, ಕಾದಂಬರಿ, ಇವೆಲ್ಲ ಹಳೆಯವೇ ಸಾಕು. ಶಾಲೆಯ ಪಠ್ಯ ಮಾತ್ರ ನೋಡಿ ಕೊಳ್ಳಿ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಾಠಗಳು ಬದಲಾದವು, ಸರ್ಕಾರ ಬದಲಾದ ಮೇಲೆ 2023ರಲ್ಲಿ ಮತ್ತೆ ಕೆಲವು ಬದಲಾದವು. ಅಣ್ಣನ ಪುಸ್ತಕ ತಮ್ಮನಿಗೆ ಬರುತ್ತಿದ್ದ ಕಾಲದಲ್ಲಿ ತಂದೆಗೆ ಎಷ್ಟೋ ಉಳಿತಾಯವಿತ್ತು. ವಿಧಾನಸೌಧದ ಜಗಳಕ್ಕೆ ಮನೆಯ ಅಟ್ಟದ ಮೇಲಿನ ಪುಸ್ತಕ ರದ್ದಿಯಾಗುತ್ತದೆ.

ಈಗ ಹೊಲಿಗೆಯ ಅಕ್ಕನ ವಿಷಯಕ್ಕೆ ಬರೋಣ. ನಾವು ಅವರ ಜತೆ ಪೇಟೆಗೆ ಹೋಗಿದ್ದೆವು. ಹೋಗುವ ಮೊದಲು ಎರಡು ಸಂಗತಿ ಹೇಳಿದೆವು. ಒಂದು, 2025ರ ಸೆಪ್ಟೆಂಬರ್ 22ರಿಂದ ಹೊಸ ಹೊಲಿಗೆ ಯಂತ್ರದ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಸೈಕಲ್ಲು, ಟ್ರಾಕ್ಟರಿನದೂ ಹಾಗೆಯೇ. ಹೊಸದರ ಬೆಲೆ ಇಳಿದಾಗ ಹಳೆಯದರದೂ ಇಳಿಯಬೇಕು; ಮಾರುವವರು ಅದನ್ನು ತಾವಾಗಿ ಹೇಳುವುದಿಲ್ಲ. ಎರಡು, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. ಮನೆಗೆ ಒಬ್ಬರಂತೆ, ತರಬೇತಿಯ ಜತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ಕೊಡುತ್ತಾರೆ. ಅರ್ಜಿ ಹಾಕಿಸಿದೆವು. ಆದರೆ ಅರ್ಜಿ ತಲುಪುವತನಕ ಹೊಟ್ಟೆ ಕಾಯುವುದಿಲ್ಲವಷ್ಟೆ.

ಅಕ್ಕ ಮಿಷನ್ ನೋಡಿದ ರೀತಿಯನ್ನು ತಾವು ನೋಡಬೇಕಿತ್ತು. ಮೊದಲು ಬೆಲ್ಟು ಬಿಚ್ಚಿ ಚಕ್ರವನ್ನು ಕೈಯಲ್ಲೇ ತಿರುಗಿಸಿದರು, ಎಲ್ಲಾದರೂ ಹಿಡಿಯುತ್ತದೆಯೋ ಎಂದು. ತಟ್ಟೆ ತೆಗೆಸಿ ಬಟ್ಟೆ ಎಳೆಯುವ ಹಲ್ಲು ಸವೆದಿದೆಯೋ ನೋಡಿದರು. ಬಾಬಿನ್ ಡಬ್ಬಿ ಕಳಚಿ ತುಕ್ಕು ನೋಡಿದರು. ಸೀರೆಯ ಸೆರಗಿನಿಂದ ತಮ್ಮದೇ ದಾರ, ತಮ್ಮದೇ ಬಟ್ಟೆ ತೆಗೆದು, ತೆಳುವಾದದ್ದೊಂದು, ನಾಲ್ಕು ಪದರ ಮಡಿಸಿದ ದಪ್ಪನೆಯದೊಂದು ಹೊಲಿದು, ಮಗುಚಿ ಕೆಳಗಿನ ಹೊಲಿಗೆ ನೋಡಿದರು. ದಪ್ಪ ಬಟ್ಟೆಯಲ್ಲಿ ಎರಡು ಕಡೆ ಹೊಲಿಗೆ ತಪ್ಪಿತು. "ಶಟಲ್ಲು ಸವೆದೈತೆ ಕಣಣ್ಣ, ಹೊಸದು ನಾನೇ ಹಾಕಿಸ್ಕೋಬೇಕು" ಎಂದರು. ಮಾರುವವನು ಬಾಯಿ ತೆರೆದು, ಮುಚ್ಚಿದ. ನಾವು ಆರ್.ಸಿ. ಓದದೆ ಕಳೆದುಕೊಂಡದ್ದು ನೆನಪಾಗಿ ಸುಮ್ಮನೆ ನಿಂತಿದ್ದೆವು.

ಮೂರು ಸಾವಿರದ ಇನ್ನೂರಕ್ಕೆ ಮಾತು ಮುಗಿಯಿತು, ಚೀಟಿಯನ್ನೂ ಬರೆಸಿಕೊಂಡರು. ಅಕ್ಕ ಇವತ್ತು ಈ ಸಭೆಗೆ ಬಂದಿಲ್ಲ. ಜೂನ್ ತಿಂಗಳಲ್ಲವೆ, ಮಕ್ಕಳ ಸಮವಸ್ತ್ರದ ಹೊಲಿಗೆ ಬಂದು ಬಿದ್ದಿದೆಯಂತೆ.