ಬಟನ್ ಜಾಗ ಬದಲಾದರೆ ಟೆಸ್ಟ್ ಯಾಕೆ ಬೀಳಬೇಕು?



ನಿಮ್ಮಲ್ಲಿ ಹಲವರು ಟೆಸ್ಟಿಂಗ್ ಕಲೀತಾ ಇದ್ದೀರಿ. ಇವತ್ತು ನಾವು ಮಾತಾಡೋದು ಒಂದೇ ವಿಷಯ: ವೆಬ್ ಪುಟಕ್ಕೆ ಬರೆದ ಆಟೊಮೇಟೆಡ್ ಟೆಸ್ಟ್ ಆರು ತಿಂಗಳಾದ ಮೇಲೂ ಕೆಲಸಕ್ಕೆ ಬರಬೇಕಾದರೆ ಏನು ಮಾಡಬೇಕು?

2004ರಲ್ಲಿ ಸೆಲೆನಿಯಂ ಬಂದ ಮೇಲೆ ಬರೆಯೋದು ಸುಲಭವಾಯಿತು, ಉಳಿಸಿಕೊಳ್ಳೋದೇ ಕಷ್ಟ. ವಿದ್ಯಾರ್ಥಿವೇತನದ ಅರ್ಜಿಯ ಪುಟವೊಂದು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ತೆರೆಯುತ್ತದೆ ಅಂದುಕೊಳ್ಳಿ. "ಮೂರನೇ ಡಿವ್ ಒಳಗಿನ ಎರಡನೇ ಬಟನ್" ಎಂದು ಎಕ್ಸ್‌ಪಾತ್ ಬರೆದರೆ, ಮೇಲೆ ಯಾರೋ ಇನ್ನೊಂದು ಡಿವ್ ಸೇರಿಸಿದ ದಿನವೇ ಟೆಸ್ಟ್ ಬೀಳುತ್ತದೆ. "ಸಲ್ಲಿಸಿ" ಎಂಬ ಪದವನ್ನೇ ಹಿಡಿದರೆ ಮಲಯಾಳಂ ಪುಟದಲ್ಲಿ ಬಟನ್ ಸಿಗೋದೇ ಇಲ್ಲ. ಡೆವಲಪರ್ ಹತ್ರ ಕೇಳಿ, ಭಾಷೆ ಬದಲಾದರೂ ಬದಲಾಗದ ಟೆಸ್ಟ್ ಐಡಿ ಹಾಕಿಸಿಕೊಳ್ಳಿ. ಪದಗಳು ಸರಿಯಿವೆಯೇ ಎಂದು ನೋಡಲು ಪ್ರತಿ ಭಾಷೆಗೂ ಬೇರೆ ಟೆಸ್ಟ್ ಇರಲಿ.

ಆ ಐಡಿಯನ್ನು ಐವತ್ತು ಟೆಸ್ಟ್‌ಗಳಲ್ಲಿ ಬರೆಯಬೇಡಿ. ಪುಟಕ್ಕೊಂದು ಕ್ಲಾಸ್ ಮಾಡಿ ಅಲ್ಲಿಡಿ. ಇದಕ್ಕೇ ಪೇಜ್ ಆಬ್ಜೆಕ್ಟ್ ಅನ್ನೋದು. ಪುಟ ಬದಲಾದರೆ ತಿದ್ದುವುದು ಒಂದೇ ಕಡೆ.

"ಐದು ಸೆಕೆಂಡ್ ಕಾಯಿ" ಎಂದೂ ಬರೆಯಬೇಡಿ. ನೆಟ್ ನಿಧಾನವಾದ ದಿನ ಐದು ಸಾಲದು, ಉಳಿದ ದಿನ ದಂಡ. "ಅರ್ಜಿ ಸಂಖ್ಯೆ ಕಾಣುವ ತನಕ ಕಾಯಿ" ಎನ್ನಿ, ಅದಕ್ಕೊಂದು ಮಿತಿ ಇಡಿ. ಪ್ರತಿ ಟೆಸ್ಟ್ ತನಗೆ ಬೇಕಾದ ಡೇಟಾ ತಾನೇ ಮಾಡಿಕೊಳ್ಳಲಿ. ಹಿಂದಿನ ಟೆಸ್ಟ್ ಬಿಟ್ಟುಹೋದ ಅರ್ಜಿಯನ್ನು ನೆಚ್ಚಬಾರದು.

ನಮ್ಮ ಲಿಪಿಯದೂ ಒಂದು ಮಾತಿದೆ. "ಕೊಳ್ಳೇಗಾಲ"ದ "ಕೊ" ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರಬಹುದು: ಒಕಾರದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎಕಾರ, ಊಕಾರದ ಚಿಹ್ನೆಗಳು ಜೋಡಿಯಾಗಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಆದರೆ ಊರಿನ ಹೆಸರು ಹುಡುಕುವಾಗ ಪುಟವೇ ಎಡವಿದರೆ ಅದು ನಿಜವಾದ ಬಗ್. ಟೆಸ್ಟ್ ತಿದ್ದಿ ಮುಚ್ಚಿಬಿಡಬೇಡಿ, ವರದಿ ಮಾಡಿ.

ಲೆಕ್ಕ, ನಿಯಮಗಳ ಪರೀಕ್ಷೆಯನ್ನು ಯೂನಿಟ್ ಟೆಸ್ಟ್‌ಗೆ ಬಿಡಿ. ಬ್ರೌಸರ್ ತೆರೆದು ಓಡುವ ಟೆಸ್ಟ್ ನಿಧಾನ. ಅರ್ಜಿ ತುಂಬಿ ಸಲ್ಲಿಸುವಂಥ ಮುಖ್ಯ ದಾರಿಗಳಿಗೆ ಮಾತ್ರ ಅದು ಸಾಕು.

ಇಷ್ಟೆಲ್ಲ ಯಾಕೆ ಅಂತೀರಾ? ಕಾರಣವಿಲ್ಲದೆ ಕೆಂಪಾಗುವ ಟೆಸ್ಟನ್ನು ತಂಡದವರು ನಾಲ್ಕು ದಿನ ನೋಡ್ತಾರೆ, ಐದನೇ ದಿನ "ಅದು ಹಾಗೇ ಬಿಡಿ" ಅಂತಾರೆ. ಅವತ್ತೇ ಕನ್ನಡ ಪುಟದ ಬಟನ್ ನಿಜಕ್ಕೂ ಕೆಟ್ಟಿದ್ದರೆ? ಅರ್ಜಿಯ ಕೊನೇ ದಿನ ತಪ್ಪಿಹೋಗುವುದು ಕನ್ನಡದಲ್ಲಿ ಅರ್ಜಿ ತುಂಬಿದ ಹುಡುಗಿಗೆ. ಟೆಸ್ಟ್ ಕಡಿಮೆಯಿದ್ದರೂ ಪರವಾಗಿಲ್ಲ, ಕೆಂಪು ಬಂದರೆ ಎಲ್ಲರೂ ಎದ್ದು ನೋಡುವಂತಿರಲಿ.