ರೆಕಾರ್ಡಿಂಗ್ ನಡುವೆ ಸಾಫ್ಟ್‌ವೇರ್ ಕೈಕೊಟ್ಟರೆ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಮಕ್ಕಳಿಗೆ ಸ್ಫೂರ್ತಿ ತುಂಬುವ ನಾಲ್ಕು ಮಾತು ಆಡಬೇಕು ಎಂದು ಸಮಿತಿಯವರು ಹೇಳಿದ್ದರು. ಆ ಕೆಲಸಕ್ಕೆ ನನಗಿಂತ ಯೋಗ್ಯರು ಈ ಕೊಠಡಿಯಲ್ಲೇ ಕೂತಿದ್ದಾರೆ. ಅದರ ಬದಲು ಈಗ ನಿಮಗೆ ಆಗುತ್ತಿರುವ ತೊಂದರೆ ಏನು ಎಂದು ಕೇಳಿದೆ. ನಿವೃತ್ತ ಮೇಷ್ಟ್ರುಗಳ ಮಾತನ್ನು ರೆಕಾರ್ಡ್ ಮಾಡಿಡುತ್ತಿದ್ದೇವೆ, ಕಂಪ್ಯೂಟರ್ ಕೈಕೊಡುತ್ತಿದೆ ಎಂದರು. ಆದ್ದರಿಂದ ಇವತ್ತು ಅದನ್ನೇ ಮಾತಾಡುತ್ತೇನೆ.

ನಡೆದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಎಂಬತ್ತು ದಾಟಿದೆ. ಒಂದೂವರೆ ಗಂಟೆ ಕೂತು ಶಾಲೆ ಶುರುವಾದ ದಿನಗಳ ಬಗ್ಗೆ ಹೇಳಿದರು. ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಸುಮಾರು ಒಂದೂಮುಕ್ಕಾಲು ಜಿಬಿಯ ಫೈಲು ಫೋಲ್ಡರಿನಲ್ಲಿದೆ, ಆದರೆ ಯಾವ ಪ್ಲೇಯರಿನಲ್ಲೂ ತೆರೆಯುತ್ತಿಲ್ಲ. ಇನ್ನೊಂದು ದಿನ ಕರೆಂಟ್ ಇದ್ದಾಗಲೇ ಪ್ರೋಗ್ರಾಂ ಹತ್ತು ನಿಮಿಷದಲ್ಲಿ ಎರಡು ಸಲ ತಾನಾಗಿ ಮುಚ್ಚಿಕೊಂಡಿತು. ಎರಡೂ ಒಂದೇ ಕಾಯಿಲೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಲ್ಲ.

ಇಲ್ಲಿ ಬಳಸುತ್ತಿರುವುದು ಓಬಿಎಸ್ ಸ್ಟುಡಿಯೋ. 2012ರಲ್ಲಿ ಶುರುವಾದ, ಪೂರ್ತಿ ಉಚಿತವಾದ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್. ಪರದೆಯನ್ನು ರೆಕಾರ್ಡ್ ಮಾಡಲು, ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಲು ಜಗತ್ತಿನಾದ್ಯಂತ ಬಳಸುತ್ತಾರೆ. ನಮ್ಮ ವಿಜ್ಞಾನ ಮೇಡಂ ಶಾಲೆಗೆ ಬಾರದ ಮಕ್ಕಳಿಗಾಗಿ ಪಾಠ ಮಾಡಿ ಕಳಿಸುತ್ತಿರುವುದೂ ಇದರಲ್ಲೇ. ಇದನ್ನು ಅದರ ಸ್ವಂತ ತಾಣವಾದ ಓಬಿಎಸ್‌ಪ್ರಾಜೆಕ್ಟ್ ಡಾಟ್ ಕಾಮ್‌ನಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಪ್ರತಿ ಬೇಡ.

ಬೋರ್‌ವೆಲ್ ನೀರು ಎತ್ತದಿದ್ದರೆ ನೀವು ಏನು ಮಾಡುತ್ತೀರಿ? ನೇರವಾಗಿ ಮೋಟರ್ ಮೇಲೆತ್ತಿಸುವುದಿಲ್ಲ. ಮೂರೂ ಫೇಸ್ ಬಂದಿದೆಯಾ, ಸ್ಟಾರ್ಟರ್ ಟ್ರಿಪ್ ಆಗಿದೆಯಾ, ಕೇಬಲ್ ಸರಿಯಿದೆಯಾ ಎಂದು ಮೇಲಿನಿಂದ ನೋಡುತ್ತಾ ಹೋಗುತ್ತೀರಿ. ಕಂಪ್ಯೂಟರ್ ವಿಷಯಕ್ಕೆ ಬಂದ ಕೂಡಲೇ ಅದೇ ಜನ ಎಲ್ಲ ಅಳಿಸಿ ಮತ್ತೆ ಹಾಕು ಎನ್ನುತ್ತಾರೆ. ಓಬಿಎಸ್ ಅಳಿಸಿ ಮತ್ತೆ ಹಾಕಿದರೂ ಅದರ ಸೆಟ್ಟಿಂಗುಗಳು ಬೇರೆ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಹಾಗೇ ಉಳಿದಿರುತ್ತವೆ. ಗ್ರಾಫಿಕ್ಸ್ ಡ್ರೈವರ್ ಅಂತೂ ಅಲುಗುವುದೇ ಇಲ್ಲ. ರೋಗ ಅಲ್ಲಿದ್ದರೆ ಹತ್ತು ಸಲ ಅಳಿಸಿ ಹಾಕಿದರೂ ವಾಸಿಯಾಗದು.

ಮೊದಲು ನೋಡಬೇಕಾದ್ದು ಬಿದ್ದದ್ದು ಯಾವುದು ಎಂದು. ಓಬಿಎಸ್ ಒಂದೇ ಮುಚ್ಚಿಕೊಂಡು ಉಳಿದದ್ದೆಲ್ಲ ನಡೆಯುತ್ತಿದ್ದರೆ ಹೆಚ್ಚಾಗಿ ಸಾಫ್ಟ್‌ವೇರಿನ ತಂಟೆ: ಪ್ಲಗಿನ್, ಡ್ರೈವರ್, ಸೆಟ್ಟಿಂಗ್. ಮುಚ್ಚಿಕೊಳ್ಳದೆ ಸುಮ್ಮನೆ ನಿಂತು 'ನಾಟ್ ರೆಸ್ಪಾಂಡಿಂಗ್' ಅಂದರೆ ಡಿಸ್ಕ್ ತುಂಬಿದೆಯಾ, ಮೆಮೊರಿ ಸಾಲುತ್ತಿಲ್ಲವಾ, ಕ್ಯಾಮೆರಾ ತಂತಿ ಸಡಿಲವಾಗಿದೆಯಾ ನೋಡಿ. ಇಡೀ ಕಂಪ್ಯೂಟರೇ ಆರಿಹೋಗಿ ಮತ್ತೆ ಹೊತ್ತಿಕೊಂಡರೆ ಓಬಿಎಸ್‌ನ ಬೈಯಬೇಡಿ. ಅದು ಬಹುಮಟ್ಟಿಗೆ ಬಿಸಿ ಅಥವಾ ವಿದ್ಯುತ್ತಿನ ತೊಂದರೆ. ವರ್ಡ್‌ನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಪ್ರೊಸೆಸರಿಗೆ ಕೆಲಸವೇ ಇರುವುದಿಲ್ಲ. ವಿಡಿಯೋ ರೆಕಾರ್ಡ್ ಮಾಡುವಾಗ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ಈ ಕೊಠಡಿಯ ಸಿಪಿಯುಗಳ ಒಳಗೆ ಎಷ್ಟು ಸೀಮೆಸುಣ್ಣದ ಪುಡಿ ಕೂತಿದೆ ಎಂದು ಬೆಳಿಗ್ಗೆ ಬಿಚ್ಚಿ ನೋಡಿದೆವಲ್ಲ, ಫ್ಯಾನ್ ತಿರುಗುವುದೇ ದೊಡ್ಡದು. ಐದು ನಿಮಿಷದ ಪರೀಕ್ಷೆಯಲ್ಲಿ ಬಿಸಿ ಗೊತ್ತಾಗದು. ಕಾರ್ಯಕ್ರಮ ಎರಡು ಗಂಟೆಯಾದರೆ ಪರೀಕ್ಷೆಯೂ ಎರಡು ಗಂಟೆ ನಡೆಯಬೇಕು.

ಓಬಿಎಸ್ ಬಿದ್ದರೆ ಅದು ತನ್ನ ಕಥೆಯನ್ನು ತಾನೇ ಬರೆದಿಟ್ಟಿರುತ್ತದೆ. ಹೆಲ್ಪ್ ಮೆನುವಿನಲ್ಲಿ ಲಾಗ್ ಫೈಲ್ಸ್, ಕ್ರ್ಯಾಶ್ ರಿಪೋರ್ಟ್ಸ್ ಎಂದಿವೆ. ಇಂಗ್ಲಿಷ್ ಸಾಲುಗಳ ರಾಶಿ ನೋಡಿ ಹೆದರಬೇಡಿ. ಕ್ರ್ಯಾಶ್ ರಿಪೋರ್ಟಿನ ಮೊದಲ ಭಾಗದಲ್ಲಿ ಡಾಟ್ ಡಿಎಲ್ಎಲ್ ಎಂದು ಕೊನೆಯಾಗುವ ಹೆಸರುಗಳಿರುತ್ತವೆ. ಅದರಲ್ಲಿ ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್‌ನ ಗ್ರಾಫಿಕ್ಸ್ ಫೈಲಿನ ಹೆಸರು ಕಂಡರೆ ಅನುಮಾನ ಡ್ರೈವರ್ ಮೇಲೆ. ನೀವು ಹಾಕಿಕೊಂಡ ಪ್ಲಗಿನ್ನಿನ ಹೆಸರು ಕಂಡರೆ ಅದರ ಮೇಲೆ. ತೀರ್ಪು ಅಲ್ಲ, ಅನುಮಾನ ಅಷ್ಟೇ. ಆದರೆ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಅಷ್ಟು ಸಾಕು.

2023ರಲ್ಲಿ ಬಂದ 30ನೇ ಆವೃತ್ತಿಯಿಂದ ಸೇಫ್ ಮೋಡ್ ಇದೆ. ಹಿಂದಿನ ಸಲ ಸರಿಯಾಗಿ ಮುಚ್ಚದಿದ್ದರೆ, ಸೇಫ್ ಮೋಡಿನಲ್ಲಿ ತೆರೆಯಲೇ ಎಂದು ಅದೇ ಕೇಳುತ್ತದೆ. ಹೌದು ಎಂದರೆ ಹೊರಗಿನವರು ಮಾಡಿದ ಪ್ಲಗಿನ್, ಸ್ಕ್ರಿಪ್ಟ್ ಯಾವುದೂ ಇಲ್ಲದೆ ತೆರೆದುಕೊಳ್ಳುತ್ತದೆ. ಹಾಗೆ ತೆರೆದಾಗ ಗಂಟೆಗಟ್ಟಲೆ ಬೀಳದೆ ನಡೆದರೆ ಕಳ್ಳ ಪ್ಲಗಿನ್‌ಗಳ ಸಾಲಿನಲ್ಲೇ ಇದ್ದಾನೆ. ನಮ್ಮಲ್ಲಿ ಆದದ್ದೂ ಅದೇ. 2022ರ 28ನೇ ಆವೃತ್ತಿಯಲ್ಲಿ ಓಬಿಎಸ್‌ನ ಒಳಗಿನ ಅಡಿಪಾಯವೇ ಬದಲಾಯಿತು, ಹಳೆಯ ಪ್ಲಗಿನ್‌ಗಳು ಎಷ್ಟೋ ಹೊಂದದೆ ಹೋದವು. ಇಲ್ಲಿ ಅಕ್ಷರ ಓಡಿಸಲು ಯಾರೋ ಹಾಕಿದ್ದ ಹಳೆಯದೊಂದು ಹಾಗೇ ಕೂತಿತ್ತು. ತೆಗೆದೆವು, ಎರಡು ದಿನದಿಂದ ಬಿದ್ದಿಲ್ಲ. ಅದೇ 28ನೇ ಆವೃತ್ತಿಯಿಂದ ವಿಂಡೋಸ್ 7 ಮತ್ತು 8ಕ್ಕೆ, 32 ಬಿಟ್ ಗಣಕಗಳಿಗೆ ಬೆಂಬಲವೂ ನಿಂತಿದೆ. ಮೂಲೆಯ ಆ ಎರಡು ಹಳೆಯ ಕಂಪ್ಯೂಟರಿನಲ್ಲಿ ಹೊಸ ಓಬಿಎಸ್ ಹತ್ತದು, ಅವುಗಳ ಮೇಲೆ ಸಮಯ ಕಳೆಯಬೇಡಿ.

ಒಂದು ಮಾತು ಒತ್ತಿ ಹೇಳುತ್ತೇನೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರೈವರ್ ಹೊಸದು ಮಾಡಿ, ಪ್ಲಗಿನ್ ತೆಗೆದು, ಎನ್‌ಕೋಡರ್ ಬದಲಿಸಿ, ಮೂರನ್ನೂ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯದು. ಅದನ್ನು ಈ ಶಾಲೆಯ ಪ್ರಯೋಗಾಲಯದಲ್ಲೇ ನಮಗೆ ಕಲಿಸಿದ್ದು, ಇಂಜಿನಿಯರಿಂಗ್ ಕಾಲೇಜಿನಲ್ಲಲ್ಲ.

ಇನ್ನು ಡ್ರಾಯಿಂಗ್ ಮೇಷ್ಟ್ರ ಫೈಲು. ಅದು ಎಂಪಿ-4 ರೂಪದಲ್ಲಿತ್ತು. ಮಾಮೂಲಿ ಎಂಪಿ-4ನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಗೆ ಬರೆಯಲ್ಪಡುತ್ತದೆ. ಪುಟಗಳೆಲ್ಲ ಅಚ್ಚಾಗಿ, ಪುಟಸಂಖ್ಯೆ ಹಾಕಿ ಹೊಲಿಯುವ ಮೊದಲೇ ಗಾಳಿಗೆ ಹಾರಿದ ಪುಸ್ತಕದ ಹಾಗೆ. ಎಂಕೆವಿ ರೂಪದಲ್ಲಿ ಈ ಕಷ್ಟವಿಲ್ಲ, ಕರೆಂಟ್ ಹೋದ ಕ್ಷಣದವರೆಗಿನದು ಬಹುಪಾಲು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್ ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಎಂಪಿ-4 ಆಗುತ್ತದೆ, ಗುಣಮಟ್ಟ ಕೂದಲಷ್ಟೂ ಕಡಿಮೆಯಾಗದು. 2024ರ 30.2ರಿಂದ ಹೈಬ್ರಿಡ್ ಎಂಪಿ-4 ಎಂಬುದೂ ಬಂದಿದೆ, ಅದೂ ಹೀಗೆ ತಡೆದುಕೊಳ್ಳುತ್ತದೆ. ಈ ಒಂದು ಸೆಟ್ಟಿಂಗ್ ಇವತ್ತೇ ಬದಲಿಸಿ ಹೋಗೋಣ.

ಹಾಳಾದ ಫೈಲನ್ನು, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿಟ್ಟು ಜೋಡಿಸುವ ಅನ್‌ಟ್ರಂಕ್ ಎಂಬ ಉಚಿತ ಪ್ರೋಗ್ರಾಂ ಇದೆ. ನಿನ್ನೆ ರಾತ್ರಿ ಓಡಿಸಿದೆ. ಒಂದು ಗಂಟೆ ಚಿಲ್ಲರೆ ಸಿಕ್ಕಿದೆ. ಕೊನೆಕೊನೆಗೆ ಧ್ವನಿ ತುಟಿಗಿಂತ ಹಿಂದೆ ಬೀಳುತ್ತದೆ, ಆದರೆ ಮಾತು ಕೇಳುತ್ತದೆ. ಉಳಿದ ಭಾಗಕ್ಕೆ ಮೇಷ್ಟ್ರ ಮನೆಗೇ ಹೋಗಿ ಇನ್ನೊಮ್ಮೆ ಕೂರಬೇಕು. ಅವರು ಒಪ್ಪಿದ್ದಾರೆ. ಆದರೆ ಹಿಂದಿನ ಸಲ ಹೇಳಿದ್ದನ್ನೇ ಹೇಳುತ್ತೇನೆ ಅಂತ ಭರವಸೆ ಕೊಡಲ್ಲ ಎಂದಿದ್ದಾರೆ.

ಪೆನ್‌ಡ್ರೈವಿಗೆ ನೇರವಾಗಿ ರೆಕಾರ್ಡ್ ಮಾಡುವವರಿಗೂ ಒಂದು ಮಾತು. ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್-32 ರೂಪದಲ್ಲಿರುತ್ತವೆ, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 2500 ಕಿಲೋಬಿಟ್ ಬಿಟ್‌ರೇಟ್ ಇಟ್ಟರೆ ಗಂಟೆಗೆ ಸುಮಾರು 1.1 ಜಿಬಿ, ಅಂದರೆ ಮೂರೂವರೆ ಗಂಟೆಗೆ ಅದು ಮುಗಿಯಿತು. ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕ ರೆಕಾರ್ಡ್ ಮಾಡಲು ಹೋದರೆ ಯುದ್ಧ ಶುರುವಾಗುವ ಮೊದಲೇ ನಿಲ್ಲುತ್ತದೆ. ಮೊದಲು ಕಂಪ್ಯೂಟರಿನ ಡಿಸ್ಕಿಗೆ, ಆಮೇಲೆ ನಕಲು.

ಸಮಾರಂಭದ ದಿನ ದುಬೈ, ಮಸ್ಕತ್‌ನಲ್ಲಿರುವ ನಮ್ಮವರು ನೇರಪ್ರಸಾರ ನೋಡಲು ಕಾಯುತ್ತಿರುತ್ತಾರೆ. ನೆಟ್ ಹೋದರೆ ಅದು ಕ್ರ್ಯಾಶ್ ಅಲ್ಲ, ಓಬಿಎಸ್ ತಾನೇ ಮತ್ತೆ ಸಂಪರ್ಕಕ್ಕೆ ಪ್ರಯತ್ನಿಸುತ್ತದೆ, ಗಾಬರಿಯಾಗಿ ಮುಚ್ಚಬೇಡಿ. ಸ್ಟ್ಯಾಟ್ಸ್ ಕಿಟಕಿ ತೆರೆದಿಟ್ಟಿರಿ. ಅಲ್ಲಿ ಮೂರು ಅಂಕಿ: ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್‌ಗೆ ಭಾರ, ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಹೆಚ್ಚಾಗಿ ಪ್ರೊಸೆಸರಿಗೆ ಭಾರ, ಡ್ರಾಪ್ಡ್ ಫ್ರೇಮ್ಸ್ ಏರಿದರೆ ನೆಟ್ ಸಾಲದು. ಮೊದಲೆರಡಕ್ಕೆ 1080ರಿಂದ 720ಕ್ಕೆ ಇಳಿಸಿ. ಮೂರನೆಯದಕ್ಕೆ ಬಿಟ್‌ರೇಟ್ ಇಳಿಸಿ. ಪ್ರಸಾರ ನಡೆಯುತ್ತಿರುವಾಗಲೇ ಸ್ಟಾರ್ಟ್ ರೆಕಾರ್ಡಿಂಗ್ ಕೂಡ ಒತ್ತಿರಲಿ, ಪ್ರಸಾರ ಕಡಿದರೂ ಇಲ್ಲಿನ ಪ್ರತಿ ಉಳಿಯಲಿ.

ಯುಪಿಎಸ್‌ಗೆ ಹೊಸ ಬ್ಯಾಟರಿ ನಮ್ಮ ಬ್ಯಾಚಿನವರು ತಂದಿದ್ದೇವೆ, ಹೊರಗೆ ಕಾರಿನಲ್ಲಿದೆ. ಊಟ ಮುಗಿಸಿ ಬಂದವರಲ್ಲಿ ಇಬ್ಬರು ಕೈಹಾಕಿದರೆ ಈಗಲೇ ಜೋಡಿಸಿ, ಕರೆಂಟ್ ತೆಗೆದು ಒಂದು ಸಲ ನೋಡಿಬಿಡೋಣ.