ಹತ್ತು ಮೈಲಿ, ಆರೂವರೆ ಗಂಟೆ

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿಗಳ ಕ್ಲಬ್ಬು ತನ್ನ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಅಚ್ಚು ಹಾಕಿತು. ಬರೆದವರು ಆ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರಾದ ವಿಲಿಯಂ ನೈಸ್ಮಿತ್. ಕ್ರುವಾಖ್ ಆರ್ಡ್ರೇನ್, ಸ್ಟಾಬ್ ಬಿನ್ನೇನ್, ಬೆನ್ ಮೋರ್ ಎಂಬ ಮೂರು ಬೆಟ್ಟಗಳನ್ನು ಅವರು ಒಂದೇ ಸುತ್ತಿನಲ್ಲಿ ಹತ್ತಿ ಇಳಿದಿದ್ದರು. ನಡೆದದ್ದು 10 ಮೈಲಿ, ಏರಿದ ಎತ್ತರ ಒಟ್ಟು 6,300 ಅಡಿ, ನಡುವೆ ಅಷ್ಟಿಷ್ಟು ನಿಂತದ್ದೂ ಸೇರಿ ಹಿಡಿದ ಹೊತ್ತು ಆರೂವರೆ ಗಂಟೆ. ಅದರ ಬೆನ್ನಿಗೇ ಅವರು ಒಂದು ಸೂತ್ರ ಕೊಟ್ಟರು: ನಕ್ಷೆಯ ಮೇಲಿನ ಪ್ರತಿ 3 ಮೈಲಿಗೆ ಒಂದು ಗಂಟೆ, ಹತ್ತುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಕೇಳುಗರು ಮನಸ್ಸಿನಲ್ಲೇ ಕೂಡಿ ನೋಡಬಹುದು. 10 ಮೈಲಿಗೆ 3 ಗಂಟೆ 20 ನಿಮಿಷ, ಏರಿಗೆ 3 ಗಂಟೆ 9 ನಿಮಿಷ. ಆರೂವರೆಗೆ ಒಂದೇ ನಿಮಿಷ ಕಮ್ಮಿ.

ಗಂಟೆಗೆ ಮೂರು ಮೈಲಿ ಎಂಬುದು ನೈಸ್ಮಿತ್ ಕಂಡುಹಿಡಿದದ್ದಲ್ಲ. ನಮ್ಮ ಹಳ್ಳಿಗಳ ಹಿರಿಯರು ಹೇಳುತ್ತಿದ್ದ ಹರದಾರಿಯೂ ಸುಮಾರು 3 ಮೈಲಿಯದೇ. ಹತ್ತೊಂಬತ್ತನೆಯ ಶತಮಾನದ ಸ್ವಿಟ್ಜರ್ಲೆಂಡಿನಲ್ಲಂತೂ ‘ನಡಿಗೆಯ ಗಂಟೆ’ ಎಂಬುದೇ ದೂರದ ಅಳತೆಯಾಗಿತ್ತು, ಅದು 4.8 ಕಿಲೋಮೀಟರ್, ಎಂದರೆ ಮತ್ತೆ 3 ಮೈಲಿ. ರೋಮನ್ ಲೇಖಕ ವೆಜಿಟಿಯಸ್ ಇನ್ನೂ ಹಿಂದೆ ಸೈನಿಕರ ತರಬೇತಿಗೆ ಲೆಕ್ಕ ಬರೆದಿಟ್ಟಿದ್ದ: ಸಾಧಾರಣ ಹೆಜ್ಜೆಯಲ್ಲಿ ಬೇಸಿಗೆಯ 5 ಗಂಟೆಗಳಲ್ಲಿ 20 ರೋಮನ್ ಮೈಲಿ. ಬೇಸಿಗೆಯ ಗಂಟೆ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ರೋಮನ್ನರು ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದುದರಿಂದ ಬೇಸಿಗೆಯಲ್ಲಿ ಪ್ರತಿ ಪಾಲೂ ಉದ್ದವಾಗುತ್ತಿತ್ತು, ನಮ್ಮ ಗಂಟೆಯ ಲೆಕ್ಕಕ್ಕೆ ತಂದರೆ ಇದೂ ಸುಮಾರು ಮೂರು ಮೈಲಿಯೇ.

ಈ ಹಳೆಯ ಲೆಕ್ಕಗಳೆಲ್ಲ ದಾರಿಯ ಉದ್ದವನ್ನು ಎಣಿಸಿದವು. ನೈಸ್ಮಿತ್ ಎತ್ತರಕ್ಕೆ ಬೇರೆಯದೇ ಬೆಲೆ ಕಟ್ಟಿದರು, ಅದೂ ಕಾಗದ ಪೆನ್ಸಿಲ್ ಬೇಡದಷ್ಟು ಸರಳವಾಗಿ. ಚಾಮುಂಡಿ ಬೆಟ್ಟದ ನೆತ್ತಿ ಮೈಸೂರಿಗಿಂತ ಸುಮಾರು 1,000 ಅಡಿ ಮೇಲಿದೆ. ನೈಸ್ಮಿತ್ ಸೂತ್ರದಂತೆ ಆ ಏರಿಗೇ ಅರ್ಧ ಗಂಟೆ. ದಾರಿಯ ಉದ್ದಕ್ಕೆ ಹಿಡಿಯುವ ಹೊತ್ತು ಬೇರೆ. ಬೆಟ್ಟದಲ್ಲಿ ಕತ್ತಲಾಗುವ ಮುನ್ನ ಕೆಳಗಿಳಿಯಬೇಕಾದವರಿಗೆ ಇದಕ್ಕಿಂತ ಉಪಕಾರಿಯಾದ ಎರಡು ಸಾಲು ಮತ್ತೊಂದಿಲ್ಲ.

ಆದರೆ ಸೂತ್ರದಲ್ಲಿ ಇಳಿಜಾರಿನ ಮಾತೇ ಇರಲಿಲ್ಲ. ಆ ಕೊರತೆಯನ್ನು ತುಂಬಿದವರು ಬ್ರಿಟನ್ನಿನ ಪರ್ವತಾರೋಹಣ ಶಿಕ್ಷಕ ಎರಿಕ್ ಲ್ಯಾಂಗ್‌ಮ್ಯೂರ್. ಇಳಿಯುವುದು ಸಲೀಸು ಎಂಬ ನಂಬಿಕೆ ಅರ್ಧ ಮಾತ್ರ ನಿಜ ಎಂದು ಅವರ ಲೆಕ್ಕ ತೋರಿಸಿತು. 5ರಿಂದ 12 ಡಿಗ್ರಿಯ ಹಿತವಾದ ಇಳಿಜಾರಿನಲ್ಲಿ ಇಳಿದ ಪ್ರತಿ 300 ಮೀಟರ್ ಎತ್ತರಕ್ಕೆ 10 ನಿಮಿಷ ಕಳೆಯಬೇಕು. ಅದಕ್ಕಿಂತ ಕಡಿದಾದರೆ ಅಷ್ಟೇ ನಿಮಿಷ ಕೂಡಿಸಬೇಕು. ಮಂಡಿ ನಡುಗುತ್ತಾ, ಕಲ್ಲು ನೋಡಿ ನೋಡಿ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಉಳಿದದ್ದು ನಡೆಯುವ ಮನುಷ್ಯ. ನೈಸ್ಮಿತ್ ಲೆಕ್ಕ ಗಟ್ಟಿಮುಟ್ಟಾದ ಗಂಡಸರನ್ನು ಕಣ್ಣಮುಂದಿಟ್ಟುಕೊಂಡದ್ದು. ಸ್ಕಾಟ್ಲೆಂಡಿನವರೇ ಆದ ಫಿಲಿಪ್ ಟ್ರಾಂಟರ್ ಈ ಜಾಗದಲ್ಲಿ ಕೈಹಾಕಿದರು, ಮತ್ತು ಇಡೀ ಚರಿತ್ರೆಯಲ್ಲಿ ಅತ್ಯಂತ ಮಾನವೀಯವಾದ ತಿದ್ದುಪಡಿ ಅವರದೇ. ಅರ್ಧ ಮೈಲಿ ದಾರಿಯಲ್ಲಿ 1,000 ಅಡಿ ಹತ್ತಲು ಒಬ್ಬರಿಗೆ ಎಷ್ಟು ನಿಮಿಷ ಬೇಕೋ ಅದೇ ಅವರ ಕಸುವಿನ ಅಳತೆ. 15 ನಿಮಿಷದಿಂದ 50 ನಿಮಿಷದವರೆಗೆ ಅದರ ಮೆಟ್ಟಿಲುಗಳು. ನೈಸ್ಮಿತ್ ಸೂತ್ರ 4 ಗಂಟೆ ಎನ್ನುವ ದಾರಿಯನ್ನು 15 ನಿಮಿಷದವರು 2 ಗಂಟೆಯಲ್ಲಿ ಮುಗಿಸುತ್ತಾರೆ, 50 ನಿಮಿಷದವರಿಗೆ ಆರೂವರೆ ಗಂಟೆ ಬೇಕು. ಬೆನ್ನ ಮೇಲೆ ಭಾರವಿದ್ದರೆ, ಎದುರುಗಾಳಿ ಬೀಸಿದರೆ, ಕತ್ತಲಾದರೆ ಒಂದೊಂದು ಮೆಟ್ಟಿಲು ಕೆಳಗಿಳಿಯಬೇಕು. ಗುಂಪಿನಲ್ಲಿ ಹೊರಟಾಗ ಲೆಕ್ಕ ಹಾಕಬೇಕಾದದ್ದು ಎಲ್ಲರಿಗಿಂತ ಹಿಂದೆ ಬರುವವರ ಮೆಟ್ಟಿಲಿನಿಂದ.

1993ರಲ್ಲಿ ಭೂಗೋಳಜ್ಞ ವಾಲ್ಡೋ ಟೋಬ್ಲರ್, ಸ್ವಿಸ್ ನಕ್ಷೆಗಾರ ಎಡ್ವರ್ಡ್ ಇಮ್‌ಹೋಫ್ ಅವರ ಅಂಕಿಗಳಿಂದ ಗಣಿತದ ಸಮೀಕರಣ ಕಟ್ಟಿದರು. ಅದರ ಪ್ರಕಾರ ಮನುಷ್ಯ ಅತಿ ವೇಗವಾಗಿ ನಡೆಯುವುದು ಸಮತಟ್ಟಿನಲ್ಲಲ್ಲ, ನೂರಕ್ಕೆ ಐದರಷ್ಟು ಇಳಿಜಾರಿನಲ್ಲಿ: ಗಂಟೆಗೆ 6 ಕಿಲೋಮೀಟರ್. ಸಮತಟ್ಟಿನಲ್ಲಿ 5. ದಾರಿಯೇ ಇಲ್ಲದ ಕಡೆ ಈ ವೇಗದಲ್ಲಿ ನೂರಕ್ಕೆ ಅರವತ್ತು ಪಾಲು ಮಾತ್ರ. ಪ್ರಾಚೀನ ಊರುಗಳ ನಡುವೆ ಜನ ಯಾವ ಹಾದಿ ಹಿಡಿದಿರಬಹುದೆಂದು ಹುಡುಕುವ ಪುರಾತತ್ವಜ್ಞರಿಗೂ ಈಗ ಇದು ನೆರವಾಗುತ್ತಿದೆ.

ಲೆಕ್ಕವನ್ನು ಸಾಮಾನ್ಯರ ಕಣ್ಣಿಗೆ ಕಾಣುವ ಹಾಗೆ ದಾರಿಯಲ್ಲೇ ನಿಲ್ಲಿಸಿದ ದೇಶ ಸ್ವಿಟ್ಜರ್ಲೆಂಡ್. ಮೋಟಾರುಗಳ ಹಾವಳಿಯಿಂದ ನಡೆಯುವವರಿಗೆ ರಸ್ತೆಯಲ್ಲಿ ಜಾಗವಿಲ್ಲದಂತಾದಾಗ, ಜೂರಿಕ್ ಪ್ರಾಂತ್ಯದ ಶಾಲಾ ಶಿಕ್ಷಕ ಯೋಹಾನ್ ಯಾಕೋಬ್ ಎಸ್ಸ್ ಮುಂದಾಳಾಗಿ 1934ರಲ್ಲಿ ಕಾಲುದಾರಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಇಂದು ಅಲ್ಲಿನ ಸುಮಾರು 65,000 ಕಿಲೋಮೀಟರ್ ಕಾಲುದಾರಿಗಳಲ್ಲಿ ಹಳದಿ ಕೈಮರಗಳು ನಿಂತಿವೆ. ಅವುಗಳ ಮೇಲೆ ಊರಿನ ಹೆಸರಿನ ಪಕ್ಕ ಬರೆದಿರುವುದು ಗಂಟೆ ಮತ್ತು ನಿಮಿಷ. ಸಮತಟ್ಟಾದ ಒಳ್ಳೆಯ ದಾರಿಗೆ ಗಂಟೆಗೆ 4.2 ಕಿಲೋಮೀಟರ್ ಆಧಾರ. ಉಳಿದ ಕಡೆ ಏರುತಗ್ಗಿಗೆ ತಕ್ಕಂತೆ ಲೆಕ್ಕ. ಊಟಕ್ಕೆ, ನೀರಿಗೆ, ನೋಟಕ್ಕೆ ನಿಲ್ಲುವ ಹೊತ್ತು ಅದರಲ್ಲಿ ಸೇರಿಲ್ಲ. ಆದ್ದರಿಂದ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೊರಟವರು ಮೊದಲ ಎರಡು ಕೈಮರಗಳ ನಡುವೆ ಗಡಿಯಾರ ನೋಡಿಕೊಳ್ಳುವುದು ಒಳ್ಳೆಯದು. ಕೈಮರ 40 ನಿಮಿಷ ಎಂದ ದಾರಿಗೆ ಅವರಿಗೆ ಒಂದು ಗಂಟೆ ಹಿಡಿದರೆ, ಮುಂದಿನ ಪ್ರತಿ ಕೈಮರದ ಲೆಕ್ಕಕ್ಕೂ ಅದರ ಅರ್ಧ ಸೇರಿಸಿಕೊಂಡು, ಸಂಜೆಯ ಕೊನೆಯ ಬಸ್ಸಿಗೆ ಎಲ್ಲಿಂದ ಹಿಂತಿರುಗಬೇಕೆಂದು ಅಲ್ಲಿಯೇ ಗೊತ್ತುಮಾಡಿಕೊಳ್ಳಬಹುದು.